ಸದ್ದು ಮಾಡದ ತವರ

ಸುರಪುರದ ರಂಗಂಪೇಟೆಯ ಮದೀನಾಬೀ ಪಾತ್ರೆಗಳಿಗೆ ಕಲಾಯಿ ಹಾಕುವವಳು. ಮೊದಲು ಅದು ಅವಳ ಗಂಡ ಯೂನುಸನ ಕೆಲಸ. ಪೇಟೆಯ ಅಂಗಡಿಯವರು ತವರವೆಂದು ಕೊಟ್ಟ ಅಗ್ಗದ ಸೀಸದ ಬೆರಕೆಯನ್ನು ಇಪ್ಪತ್ತು ವರ್ಷ ಕಾಯಿಸಿ, ಅದರ ಹೊಗೆ ಕುಡಿದು, ಅವನ ಎರಡೂ ಮುಂಗೈ ಜೋತುಬಿದ್ದವು. ಈಗ ಚಹಾದ ಬಸಿ ಎತ್ತಲೂ ಆಗದು. ‘ರಕ್ತದಾಗ ಸೀಸ ಕೂತದ’ ಎಂದು ಕಲಬುರಗಿಯ ಡಾಕ್ಟರು ಹೇಳಿದಂದಿನಿಂದ ಮದೀನಾಬೀ ಕಿವಿಗೆ ಹಿಡಿದು ಪರೀಕ್ಷಿಸದೆ ತವರದ ಒಂದು ಕಡ್ಡಿಯನ್ನೂ ಕರಗಿಸಿದವಳಲ್ಲ. ಅಪ್ಪಟ ತವರ ಬಗ್ಗಿಸಿದರೆ ಚಿರ್ರೆನ್ನುತ್ತದೆ. ಸೀಸ ಸುಮ್ಮನೆ ಬಾಗುತ್ತದೆ.

ಶಹಾಪುರದ ಒಂದು ಹುಡುಗಿಯರ ಹಾಸ್ಟೆಲಿನಿಂದ ಕರೆ ಬಂತು. ಅಡುಗೆಯ ನಾಲ್ಕು ದೊಡ್ಡ ತಾಮ್ರದ ಡೇಗುಗಳಿಗೆ ಕಲಾಯಿ ಆಗಬೇಕಿತ್ತು. ಭಟ್ಟಿ ಹೂಡಿದ ಮೇಲೆ ಮ್ಯಾನೇಜರ್ ಭಾಗಣ್ಣ ತಾನೇ ಕಡ್ಡಿಗಳ ಗಂಟು ತಂದಿಟ್ಟ. ಅವಳು ಒಂದನ್ನು ಕಿವಿಯ ಬಳಿ ಬಗ್ಗಿಸಿದಳು. ಸದ್ದಿಲ್ಲ. ಹಳೆಯ ಪೇಪರಿನ ಮೇಲೆ ಎಳೆದಳು. ಪೆನ್ಸಿಲಿನಂತೆ ಕಪ್ಪು ಗೆರೆ ಬಿತ್ತು.

“ಸಾಹೇಬ್ರ, ಇದು ಸೀಸದ್ರಿ. ನಾ ಹಾಕಾಂಗಿಲ್ಲ.”

“ಹೋದ ವರ್ಷನೂ ಇದನ್ನ ಹಾಕ್ಸೀವಿ. ಯಾರ ಸತ್ತಾರ? ಬೆಳ್ಳಗ ಹೊಳದ್ರ ಮುಗೀತು, ಹಾಕು.”

ಮದೀನಾಬೀಯ ನೆತ್ತಿಗೆ ಬೆಂಕಿ ಬಿದ್ದಂತಾಯಿತು. ಹೋದ ವರ್ಷನೂ! ಅವಳು ಸೀದಾ ಅಡುಗೆಮನೆಗೆ ನುಗ್ಗಿದಳು. ಅಡುಗೆಯ ಪಂಚಶೀಲಾ ಅವೇ ಡೇಗುಗಳ ಪೈಕಿ ಒಂದರಲ್ಲಿ ಹುಣಸೆಹುಳಿ ಸಾರು ಕುದಿಸುತ್ತಿದ್ದಳು.

“ತಂಗಿ, ಹುಡುಗ್ಯಾರು ಹೊಟ್ಟಿ ನೋವು ಅಂತಾರೇನ?”

ಪಂಚಶೀಲಾಳ ಕೈ ನಿಂತಿತು. “ದಿನಾ ಅಂತಾರ್ರಿ ಅಕ್ಕಾ. ಸಾಲಿ ತಪ್ಸಾಕ ನಾಟಕ ಮಾಡ್ತಾರ ಅಂತ ನಾನs ಬೈದೀನಿ.”

ಮದೀನಾಬೀ ಪಕ್ಕದ ಖಾಲಿ ಡೇಗಿನೊಳಗೆ ಬೆರಳು ತಿಕ್ಕಿ ತೋರಿಸಿದಳು. ಬೆರಳು ಮಸಿ. “ಹುಳಿ ಬಿದ್ರ ಈ ಸೀಸ ಸಾರಿನಾಗ ಇಳೀತದ. ನನ್ನ ಗಂಡನ ಕೈ ತಿಂದದ ಇದು. ಬೆಳಿಯೋ ಮಕ್ಕಳ ತಲೀನs ತಿಂತದ.”

ಪಂಚಶೀಲಾ ಒಲೆ ಆರಿಸಿದಳು. ಇಕ್ಕಳ ಹಿಡಿದು, ಕುದಿಯುವ ಸಾರನ್ನು ಪೂರ್ತಿ ಮೋರಿಗೆ ಸುರಿದಳು. ಭಾಗಣ್ಣ ಓಡಿಬಂದು “ಹುಡುಗ್ಯಾರು ಮಧ್ಯಾಹ್ನ ಏನ್ ತಿನ್ನಬೇಕು?” ಎಂದು ಕೂಗಾಡಿದ.

“ಇಷ್ಟ್ ದಿನ ಏನ್ ತಿಂದಾರ, ಅದನ್ನ ಮೊದಲ ಹೇಳ್ರಿ!” ಎಂದಳು ಮದೀನಾಬೀ. ಅವಳ ದನಿಗೆ ಹುಡುಗಿಯರು ಬಾಗಿಲಿಗೆ ಬಂದು ನಿಂತರು. ಅಂದು ಪಂಚಶೀಲಾ ಅಕ್ಕಪಕ್ಕದ ಮನೆಗಳಿಂದ ಸ್ಟೀಲ್ ಭೋಗಣಿ ತಂದು ಅನ್ನ ಬೇಯಿಸಿದಳು. ಮದೀನಾಬೀ ಕಡ್ಡಿ, ಪೇಪರು ಎರಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಯಾದಗಿರಿಯ ಬಸ್ಸು ಹತ್ತಿದಳು. ಆರೋಗ್ಯ ಇಲಾಖೆಯ ಬಾಗಿಲಲ್ಲಿ ಮೂರು ದಿನ ಕೂತಳು. ನಾಲ್ಕನೆಯ ದಿನ ಹುಡುಗಿಯರ ರಕ್ತ ತೆಗೆದರು.

ಹದಿಮೂರು ಮಂದಿಯ ರಕ್ತದಲ್ಲಿ ಸೀಸ ಸಿಕ್ಕಿತು. ಡೇಗುಗಳನ್ನು ಒಯ್ದರು, ಹುಡುಗಿಯರಿಗೆ ಔಷಧಿ ಶುರುವಾಯಿತು. ವಿಚಾರಣೆಯ ವರದಿಯಲ್ಲಿ ಮಾತ್ರ ‘ಕಣ್ತಪ್ಪಿನಿಂದಾದ ಲೋಪ’ ಎಂದಿತ್ತು. ಭಾಗಣ್ಣನಿಗೆ ವಡಗೇರಾ ಕಡೆಯ ಇನ್ನೊಂದು ಹಾಸ್ಟೆಲಿಗೆ ವರ್ಗವಾಯಿತು, ಅಷ್ಟೆ.

ಫೋನಿನಲ್ಲಿ ಪಂಚಶೀಲಾ ಇದನ್ನು ಹೇಳಿದಾಗ ಮದೀನಾಬೀ ಗಂಡನಿಗೆ ಉಣ್ಣಿಸುತ್ತಿದ್ದಳು. “ಆ ಹುಡುಗ್ಯಾರ ರಕ್ತದಾಗಿನ ಸೀಸಕ್ಕೂ ವರ್ಗದ ಆರ್ಡರ್ ಬರತದೇನ?” ಎಂದವಳು ಕೊನೆಯ ತುತ್ತು ಉಣ್ಣಿಸಿ, ಕೈತೊಳೆದು ಎದ್ದಳು. ವಡಗೇರಾದ ಆ ಹಾಸ್ಟೆಲಿನಲ್ಲಿ ಅಡುಗೆ ಮಾಡುವವರು ಯಾರೋ ಅವಳಿಗೆ ಗೊತ್ತಿರಲಿಲ್ಲ. ಹೋಗಿ ಕೇಳಿದರಾಯಿತೆಂದು ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.