ಗಾಳಿಗೆ ಹಾಕಿದ ಕಲ್ಲು

ಮಾರ್ಚ್ ಹದಿನಾಲ್ಕು, 2019, ಬೆಳಿಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷ ಎಂದು ಅಕ್ವೇರಿಯಂ ಅಂಗಡಿಯ ಶ್ಪಿರೋನ ಗಲ್ಲಾಪೆಟ್ಟಿಗೆಯ ಕೆಂಪು ಅಂಕಿಗಳು ಹೇಳುತ್ತಿವೆ, ಇಸವಿಯ ಕೊನೆಯ ಒಂಬತ್ತರ ಮೇಲ್ಗೆರೆ ಕೆಳಗೆರೆ ಎರಡೂ ಆರಿಹೋಗಿ ಅದು ನಾಲ್ಕರಂತೆ ಕಾಣುತ್ತಿದೆ, ಇದನ್ನು ರಿಪೇರಿ ಮಾಡಿಸಬಾರದೇ ಇವನು ಎಂದುಕೊಳ್ಳುತ್ತೇನೆ, ಬೇರೆಯವರಲ್ಲಿ ತಪ್ಪು ಹುಡುಕುವ ಬುದ್ಧಿ ಈ ಹೊತ್ತಿನಲ್ಲೂ ನನ್ನನ್ನು ಬಿಟ್ಟಿಲ್ಲ — ಮುಂದೆ ಎರಡು ಗಾಜಿನ ತೊಟ್ಟಿ, ಎಡಗಡೆಯದರಲ್ಲಿ ಗುಳುಗುಳು ಅನ್ನುವ ಉಪ್ಪುನೀರು, ನೀರೊಳಗೆ ನೇರಳೆ, ಹಸಿರು, ತುಕ್ಕಿನ ಬಣ್ಣದ ಕಲ್ಲುಗಳು, ಅವುಗಳ ಮೈಮೇಲೆ ಏನೇನೋ ಬಿಚ್ಚಿಕೊಳ್ಳುತ್ತಿದೆ, ಮುಚ್ಚಿಕೊಳ್ಳುತ್ತಿದೆ, ಬಲಗಡೆಯದರಲ್ಲಿ ನೀರೇ ಇಲ್ಲ, ಒಣಗಿದ ಬಿಳಿ ಕಲ್ಲು ಒಂದರ ಮೇಲೊಂದು, ನಾಯಿ ಕಡಿದು ಬಿಟ್ಟ ಮೂಳೆಗಳ ಹಾಗೆ, ಆ ಕಡೆ ನೋಡಬಾರದು ಅಂದುಕೊಂಡಷ್ಟೂ ಅಲ್ಲಿಗೇ ಹೋಗುತ್ತದೆ ಕಣ್ಣು. ಜೀವಂತದ್ದು ಕೊಡ್ಲಾ, ಒಣಗಿದ್ದು ಕೊಡ್ಲಾ, ಹೇಳಿ ಡಾಕ್ಟರಮ್ಮಾ, ಜೀವಂತದ್ದಾದ್ರೆ ಇವತ್ತೇ ಮೀನು ಬಿಡ್ಬಹುದು, ಒಣಗಿದ್ದಾದ್ರೆ ಬ್ಯಾಕ್ಟೀರಿಯಾ ಬಂದು ಸಂಸಾರ ಹೂಡೋವರೆಗೂ ಕಾಯ್ಬೇಕು, ವಾರಗಟ್ಲೆ, ಅದನ್ನ ನಿಮ್ಗೆ ನಾನು ಹೇಳೋದಾ, ಈ ಊರಿನ ಬ್ಯಾಕ್ಟೀರಿಯಾ ಎಲ್ಲ ನಿಮ್ಮ ಹೆಸರು ಕೇಳಿದ್ರೆ ನಡುಗ್ತಾವೆ. ಅವನು ನಗುತ್ತಾನೆ, ನಾನೂ ನಗುತ್ತೇನೆ, ಹೌದು, ನಗರದ ನೀರಿನ ಪ್ರಯೋಗಾಲಯದಲ್ಲಿ ನನ್ನ ಕೆಲಸವೇ ಅದು, ನಲ್ಲಿ ನೀರಿಗೆ ಎಷ್ಟು ಕ್ಲೋರಿನ್ ಎಂದು ಬರೆದು ಸಹಿ ಹಾಕುವುದು, ಯಾರಿಗೆ ಕಲ್ಲು, ಬಾರ್ಬಾ ಫ್ರಾನೆಗಾ ಅಂತ ಕೇಳಿದ, ಇಲ್ಲಪ್ಪಾ, ನನ್ನ ಗೆಳತಿಯೊಬ್ಬಳಿಗೆ, ಎಂದೆ, ಎಷ್ಟು ಸಲೀಸಾಗಿ ಬಂತು ಆ ಗೆಳತಿ, ಇಲ್ಲದವಳು, ಹೆಸರು ಕೇಳಿದ್ದರೆ ಹೆಸರನ್ನೂ ಇಟ್ಟುಬಿಡುತ್ತಿದ್ದೆನೇನೋ.

ಬಾರ್ಬಾ ಫ್ರಾನೆಗಲ್ಲದೆ ಮತ್ಯಾರಿಗೆ, ಹಿರಿಯ ಗಂಡಸರನ್ನೆಲ್ಲ ಈ ಊರು ಬಾರ್ಬಾ ಅನ್ನುತ್ತದೆ, ನನ್ನ ಪಕ್ಕದ ಬಾಗಿಲಿನ ಮುದುಕನಿಗೆ, ಹಡಗಿನ ಎಂಜಿನ್ ಕೋಣೆಯಲ್ಲಿ ಆಯುಷ್ಯ ಕಳೆದು ಈಗ ಸೊಂಟದ ಮೂಳೆ ಬದಲಿಸಿಕೊಂಡು ಆಸ್ಪತ್ರೆಯಿಂದ ಇವತ್ತು ಮಧ್ಯಾಹ್ನ ಮನೆಗೆ ಬರುತ್ತಿರುವವನಿಗೆ, ಹೋಗುವಾಗ ಕೀಲಿಕೈ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಚಿದ, ಮೀನಿಗೆ ಊಟ ಹಾಕು ಮಗಳೇ, ಆವಿಯಾದಷ್ಟು ನೀರು ತುಂಬು, ಅಷ್ಟೇ, ಮಿಕ್ಕಿದ್ದೆಲ್ಲ ಕಲ್ಲು ನೋಡ್ಕೊಳ್ಳುತ್ತೆ, ಕಲ್ಲು ಮುಟ್ಬೇಡ. ಮುಟ್ಬೇಡ ಎಂದದ್ದು ಕಿವಿಯಲ್ಲಿದೆ. ಆದರೆ ಭಾನುವಾರ ಬೂರಾ ಬೀಸಿತು, ಬೆಟ್ಟದಿಂದ ಸಮುದ್ರಕ್ಕೆ ಇಳಿಯುವ ಆ ಒಣ ಚಳಿಗಾಳಿ, ಬೂರಾ ಬಂದರೆ ಈ ಊರಿನ ಹೆಂಗಸರು ಒಳಗೆ ಕೂರುವುದಿಲ್ಲ, ಹಾಸಿಗೆ, ಕಂಬಳಿ, ಪರದೆ, ಸತ್ತ ಅಜ್ಜನ ಕೋಟು ಎಲ್ಲ ಹೊರಗೆ, ಇಡೀ ಕಟ್ಟಡವೇ ಬಾಲ್ಕನಿಗಳಲ್ಲಿ ಪಟಪಟ ಹೊಡೆದುಕೊಳ್ಳುತ್ತಿತ್ತು, ಅಮ್ಮ ಫೋನಿನಲ್ಲಿ, ಏನೇ ದಿಂಕಾ, ಇನ್ನೂ ಏನೂ ಹೊರಗೆ ಹಾಕಿಲ್ವಾ, ಓದಿದ್ದು ಜಾಸ್ತಿ ಆಯ್ತು ಕಣೇ ನಿಂಗೆ, ಬೂರಾ ತೊಳೀದೇ ಇರೋ ಕೊಳೆ ಯಾವುದಿದೆ. ನನ್ನ ಕಂಬಳಿ ಹಾಕಿದೆ, ಅವನ ಮನೆಗೆ ಹೋಗಿ ಅವನ ಹಾಸಿಗೆಯನ್ನೂ ಹಾಕಿದೆ, ಆಮೇಲೆ ಅವನ ಮೀನಿನ ತೊಟ್ಟಿಯ ಮುಂದೆ ನಿಂತೆ, ಕಲ್ಲಿನ ಮೇಲೆ ಕಂದುಬಣ್ಣದ ಪಾಚಿ, ಲೋಳೆ, ಒಬ್ಬಂಟಿ ಗಂಡಸಿನ ಮನೆಯ ಕೊಳೆ ಎಂದುಕೊಂಡೆ, ಅವನು ಬಂದಾಗ ಎಲ್ಲ ಫಳಫಳ ಅನ್ನಲಿ, ದಿಂಕಾ ಎಷ್ಟು ಅಚ್ಚುಕಟ್ಟು ಅನ್ನಲಿ — ಅದೇ, ಅನ್ನಲಿ ಅಂತಲೇ — ತೋಳು ಮಡಿಚಿ ಕಲ್ಲನ್ನು ಎತ್ತಿದೆ, ನಲ್ಲಿಯ ಕೆಳಗೆ ಹಿಡಿದು ಬ್ರಷ್ಷಿನಿಂದ ಉಜ್ಜಿದೆ, ನಾನೇ ಸಹಿ ಹಾಕಿದ ಕ್ಲೋರಿನ್ ನೀರಿನಲ್ಲಿ, ಉಜ್ಜಿ ಬಾಲ್ಕನಿಯ ಕಟ್ಟೆಯ ಮೇಲೆ ಗಾಳಿಗೆ ಇಟ್ಟೆ, ಇಡೀ ರಾತ್ರಿ ಇರಲಿ ಎಂದು ಬಿಟ್ಟೆ, ಬೆಳಿಗ್ಗೆ ಅದು ಬೆಳ್ಳಗಾಗಿತ್ತು, ಅದರ ಪಕ್ಕೆಗೆ ಅಂಟಿ ಕಡ್ಡಿಯಂತೆ ನಿಂತಿದ್ದ ಸಣ್ಣ ಕೊಳವೆಯೊಂದು ಕಾಗದದಂತೆ ಗಾಳಿಗೆ ಅದುರುತ್ತಿತ್ತು, ಒಳಗೆ ಏನೂ ಇರಲಿಲ್ಲ.

ಆ ಕೊಳವೆ. ಅದರ ಬಾಯಿಯಿಂದ ಕೆಂಪು ತುರಾಯಿಯೊಂದು ಬಿಚ್ಚಿಕೊಳ್ಳುತ್ತಿತ್ತು, ಗರಿಗಳ ಬೀಸಣಿಗೆಯಂತೆ, ಹುಳುವೇ ಅದು, ಆದರೆ ಹುಳು ಎಂದರೆ ತೆರೆಜಾಗೆ ಸಿಟ್ಟು ಬರುತ್ತಿತ್ತು, ತೆರೆಜಾ, ಫ್ರಾನೆಯ ಹೆಂಡತಿ, ಇದೇ ಅಂಗಡಿಯಲ್ಲಿ ಶ್ಪಿರೋನ ಅಪ್ಪ ಗಲ್ಲಾದಲ್ಲಿದ್ದಾಗ ಆರಿಸಿದ್ದು ಅದನ್ನು, ಎಲ್ಲಕ್ಕಿಂತ ಕುರೂಪಿ ಕಲ್ಲು, ಈ ತುರಾಯಿ ಇದೆ ಅಂತ, ಒದ್ದೆ ಕಾಗದದಲ್ಲಿ ಸುತ್ತಿ ಎದೆಗಪ್ಪಿಕೊಂಡು ಮೆಟ್ಟಿಲು ಹತ್ತಿ ಬಂದು ನನ್ನ ಬಾಗಿಲು ತಟ್ಟಿದ್ದಳು, ನಿನ್ನ ತಕ್ಕಡಿ ತಾ ದಿಂಕಾ, ತೂಗು ಇದನ್ನ, ತೂಗಿದೆ, ಮೂರು ಕಿಲೋ ನಾನೂರು ಗ್ರಾಂ, ಅವಳು ಕುಣಿದುಬಿಟ್ಟಳು, ಮೂರು ನಾನೂರು ಕೇಳ್ತಾ ಫ್ರಾನೆ, ಆಸ್ಪತ್ರೆಯಿಂದ ಮಗು ತಂದ ಹಾಗಾಯ್ತು ನೋಡು, ಮಕ್ಕಳಿಲ್ಲದ ಮನೆ ಅದು, ಫ್ರಾನೆ ಕಲ್ಲಿನ ಹತ್ತಿರ ಬಗ್ಗಿ ನೋಡಿ, ಮೂಗು ನಿನ್ನದೇ, ಎಂದ, ಮೂವರೂ ಹೊಟ್ಟೆ ಹಿಡಿದು ನಕ್ಕೆವು, ಆಮೇಲೆ ಅವಳು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ. ಮೀನುಗಳು ಬಂದದ್ದು ಆಮೇಲೆ, ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಜೋಡಿ, ದೊಡ್ಡದು ಹೆಣ್ಣು, ಅದೇ ಕ್ಯಾಪ್ಟನ್, ಚಿಕ್ಕದು ಅಡುಗೆಭಟ್ಟ, ನಮ್ಮನೇಲಿ ಇದ್ದ ಹಾಗೇ ಅನ್ನುತ್ತಿದ್ದ ಫ್ರಾನೆ. ತೆರೆಜಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಉಂಗುರದಿಂದ ಗಾಜನ್ನು ಟಿಣ್ ಟಿಣ್ ತಟ್ಟುವಳು, ಯಾರು ತಟ್ಟಿದರೂ ಸರ್ರನೆ ಒಳಗೆ ಹೋಗುವ ತುರಾಯಿ ಆ ಉಂಗುರಕ್ಕೆ ಮಾತ್ರ ಅಲುಗುತ್ತಿರಲಿಲ್ಲ, ನಾನು ವಿವರಿಸಿದ್ದೆ, ರೂಢಿ ತೆರೆಜಾ, ದಿನವೂ ಅದೇ ಕಂಪನ, ಅಪಾಯವಿಲ್ಲ ಎಂದು ನರಗಳು ಕಲಿಯುತ್ತವೆ, ಅವಳು ನನ್ನನ್ನು ನೋಡಿ, ನಿನ್ನ ನರಾನೂ ಕಲ್ತಿದೆ ಬಿಡು, ನನ್ನ ಗುರುತು ಹಿಡಿಯುತ್ತೆ ಅಂದ್ರೆ ನಿಂಗೇನು ನಷ್ಟ ಎಂದಿದ್ದಳು. ಅವಳು ಹೋದ ಮೇಲೆ ಆ ಉಂಗುರ ಫ್ರಾನೆಯ ಕಿರುಬೆರಳಿನಲ್ಲಿದೆ, ದಿನವೂ ತಟ್ಟುತ್ತಾನೆ, ಗೋಡೆಯ ಈಚೆಗೂ ಕೇಳುತ್ತದೆ ನನಗೆ, ಕೇಳುತ್ತಿತ್ತು.

ಸೋಮವಾರ ಕಲ್ಲನ್ನು ಮತ್ತೆ ನೀರಿಗೆ ಇಳಿಸಿದೆ, ಒಳ್ಳೆಯ ಕೆಲಸ ಮಾಡಿದೆನೆಂಬ ಹುಮ್ಮಸ್ಸು ಆಗಲೂ ಇತ್ತು, ಸಂಜೆ ಕೊಳೆತ ವಾಸನೆ, ಕ್ಯಾಪ್ಟನ್ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದಾಳೆ, ಕಿವಿರು ಚಪ್ಪಾಳೆಯಂತೆ ಬಡಿಯುತ್ತಿದೆ, ಆಗ, ಆಗಷ್ಟೇ ತಲೆಯೊಳಗೆ ಬಾಗಿಲೊಂದು ತೆರೆಯಿತು, ಕಲ್ಲಿನ ರಂಧ್ರಗಳಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಮೀನಿನ ಹೊಲಸಿನಿಂದ ಬರುವ ವಿಷ ಅಮೋನಿಯಾವನ್ನು ನೈಟ್ರೈಟಿಗೆ, ನೈಟ್ರೈಟನ್ನು ನೈಟ್ರೇಟಿಗೆ ತಿರುಗಿಸುವವು, ನನ್ನ ಪ್ರಬಂಧದ ವಿಷಯವೇ ಅದು, ಮರಳಿನ ಸೋಸುತೊಟ್ಟಿಗಳಲ್ಲಿ ಅವು ಬದುಕುವ ಬಗೆ, ಅವುಗಳನ್ನೇ ಓದಿ ಡಾಕ್ಟರ್ ಎನಿಸಿಕೊಂಡು ಅವುಗಳನ್ನೇ ಬ್ರಷ್ಷಿನಿಂದ ಉಜ್ಜಿದವಳು, ಅದು ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ, ಮನೆಗೆ ಬಂದರೆ ಕೊಳೆ, ಇಷ್ಟೇ ನನ್ನ ವಿಜ್ಞಾನ. ಗೊತ್ತಿಲ್ಲದೆ ಮಾಡಿದ್ದರೆ ಅಯ್ಯೋ ಪಾಪ ಅನ್ನಬಹುದಿತ್ತು, ನನಗೆ ಆ ಅಯ್ಯೋ ಪಾಪವೂ ಇಲ್ಲ. ಮೀನುಗಳನ್ನು ಹೊಸ ಉಪ್ಪುನೀರಿನ ಬಕೆಟ್ಟಿಗೆ ಹಾಕಿದೆ, ದಿನಾ ನೀರು ಬದಲಿಸಿದೆ, ಕಲ್ಲನ್ನು ಮತ್ತೆ ಹೊರತೆಗೆದು ನನ್ನ ಬಾಲ್ಕನಿಯಲ್ಲಿ ಹೂಕುಂಡದ ಹಿಂದೆ ಇಟ್ಟೆ, ಹಿಂದೆ ಯಾಕೆ, ಕಟ್ಟೆಯ ಮೇಲೆ ಯಾಕಲ್ಲ, ಯಾರು ನೋಡುತ್ತಾರೆಂದು, ನಾನೇ ನೋಡುತ್ತೇನೆಂದು.

ಎಲ್ಲೋ ಹೋದ್ರಿ ಡಾಕ್ಟರಮ್ಮಾ, ಶ್ಪಿರೋ ಕೇಳುತ್ತಿದ್ದಾನೆ, ಒಂದು ದಾರಿ ಹೇಳ್ಲಾ, ಮೀನಿದ್ರೆ ನನ್ನ ತೊಟ್ಟೀಲಿ ಬಿಟ್ಟಿರ್ಲಿ, ನಿಮ್ಮ ಗೆಳತಿ ಒಣಕಲ್ಲೇ ಇಟ್ಟು ನಿಧಾನಕ್ಕೆ ಶುರುಮಾಡ್ಲಿ, ಅದ್ರಲ್ಲಿ ಬೇಡದ ಹುಳುಹುಪ್ಪಟೆ ಬರಲ್ಲ, ಕಾಯೋದೊಂದೇ ಕಷ್ಟ. ಅಂದರೆ ಒಣಕಲ್ಲು ಕೊಳ್ಳಬೇಕಾಗಿಯೂ ಇಲ್ಲ, ನನ್ನ ಹತ್ತಿರ ಒಂದು ಇದೆ, ನಾನೇ ಒಣಗಿಸಿದ್ದು, ಅದನ್ನೇ ಇಟ್ಟು, ಖಾಲಿ ನೀರಿನ ಮುಂದೆ ಮುದುಕನನ್ನು ಕೂರಿಸಿ, ನೋಡಿ ಬಾರ್ಬಾ, ಹೀಗಾಯಿತು ಎನ್ನಬೇಕು, ಎನ್ನಬಹುದು, ಬಾಯಿ ಬಿಟ್ಟರೆ ಮುಗಿಯಿತು — ಆಗಲೇ ಎಡಗಡೆಯ ತೊಟ್ಟಿಯ ಮೂಲೆಯಲ್ಲಿ ಅದು ಕಂಡಿತು, ಸುಮಾರಿಗೆ ಅಷ್ಟೇ ಗಾತ್ರ, ಅಂಥದೇ ಗೂನು, ಪಕ್ಕದಲ್ಲೊಂದು ಕೊಳವೆ, ಕೊಳವೆಯ ಬಾಯಲ್ಲಿ ಕೆಂಪು ತುರಾಯಿ. ಕಳ್ಳನಿಗೆ ಬೀಗ ಹಾಕದ ಬಾಗಿಲು ಸಿಕ್ಕ ಹಾಗಾಯಿತು ನನಗೆ. ಜೀವಂತದ್ದಕ್ಕೆ ವಿವರಣೆ ಬೇಡ, ನೀರಿಗೆ ಇಳಿಸಿದರೆ ಸಾಕು, ಮೀನಿಗೂ ಒಳ್ಳೆಯದು ಎಂದು ನನಗೇ ಹೇಳಿಕೊಂಡೆ, ಮೀನಿಗೋಸ್ಕರ, ಹೌದು, ಮೀನಿಗೋಸ್ಕರ. ಆ ಮೂಲೇದು ಕೊಡಿ. ಓ, ಅದಾ, ಅದು ಥೇಟ್ ಬಾರ್ಬಾ ಫ್ರಾನೆ ಮನೇದ್ರ ತಂಗಿ ಇದ್ದ ಹಾಗಿದೆ, ಎಂದ ಶ್ಪಿರೋ, ನನ್ನ ಮುಖ ನೋಡಲಿಲ್ಲ, ಅಥವಾ ನೋಡಿ ಬೇರೆ ಕಡೆ ತಿರುಗಿದ, ಒದ್ದೆ ಕಾಗದ ಹುಡುಕುತ್ತಾ ಬಹಳ ಹೊತ್ತು ಬಗ್ಗಿಯೇ ಇದ್ದ.

ಬೀದಿಯಲ್ಲಿ ಬೂರಾ ಮತ್ತೆ ಎದ್ದಿದೆ, ಕೋಟಿನೊಳಗೆ ಎದೆಗಪ್ಪಿಕೊಂಡು ನಡೆಯುತ್ತೇನೆ, ಗಾಳಿ ತಾಗಬಾರದು ಇದಕ್ಕೆ, ಈಗ ಎಷ್ಟು ಕಾಳಜಿ, ತೆರೆಜಾ ಹೀಗೇ ಹಿಡಿದು ತಂದಿದ್ದಳು, ಹೀಗೇ, ಮೊಣಕೈ ಈ ಕಡೆ, ಗಲ್ಲ ಕಾಗದದ ಮೇಲೆ, ಮೀನು ಮಾರುವ ಹೆಂಗಸು ಕೂಗಿದಳು, ಏನಮ್ಮಾ ಮಗು ಮಲಗಿದ್ಯಾ, ನಾನು ತಲೆ ಎತ್ತಲಿಲ್ಲ. ಮೆಟ್ಟಿಲು, ಕೀಲಿಕೈ, ಅವನ ಮನೆಯ ಡೀಸೆಲ್ಲು ಮತ್ತು ನಿಂಬೆಸಿಪ್ಪೆಯ ವಾಸನೆ, ನೀರು ಪೂರ್ತಿ ಬದಲಿಸಿದೆ, ಉಪ್ಪಿನಂಶ ಅಳೆದೆ, ಬಿಸಿ ಅಳೆದೆ, ಕಲ್ಲನ್ನು ಅದೇ ಜಾಗದಲ್ಲಿ, ಮರಳಿನಲ್ಲಿ ಉಳಿದಿದ್ದ ಅದೇ ಗುಳಿಯಲ್ಲಿ ಇಳಿಸಿದೆ, ಗುಳಿಗೆ ಸರಿಯಾಗಿ ಕೂರಲಿಲ್ಲ, ಮರಳು ಎಳೆದು ಮುಚ್ಚಿದೆ, ಬಕೆಟ್ಟಿನಿಂದ ಮೀನುಗಳನ್ನು ತಂದು ಬಿಟ್ಟೆ, ಕ್ಯಾಪ್ಟನ್ ಬಂದು ಮೂಸಿ ಹಿಂದೆ ಸರಿದಳು, ಅಡುಗೆಭಟ್ಟ ಅವಳ ಹಿಂದೆ. ತುರಾಯಿ ನಿಧಾನವಾಗಿ ಬಿಚ್ಚಿಕೊಂಡಿತು. ಚೆನ್ನಾಗಿತ್ತು. ನಿಜವಾಗಿಯೂ ಚೆನ್ನಾಗಿತ್ತು, ಕೋಳಿಸಾರು ಕುದಿಯಲು ಇಟ್ಟು ಅವನ ದಿಂಬಿಗೆ ಹೊಸ ಚೀಲ ಹಾಕಿದೆ.

ಈಗ ಅವನು ಬಂದು ಕೂತಿದ್ದಾನೆ, ಆಸ್ಪತ್ರೆಯವರಿಬ್ಬರು ಹಿಡಿದು ತಂದು ಕೂರಿಸಿ ಹೋದರು, ಊರುಗೋಲು ಮೊಣಕಾಲ ನಡುವೆ, ಕುತ್ತಿಗೆ ತೆಳ್ಳಗಾಗಿದೆ, ಸಾರು ಆಮೇಲೆ ಮಗಳೇ, ಮೊದ್ಲು ಇವ್ರನ್ನ ನೋಡ್ತೀನಿ, ಆಸ್ಪತ್ರೇಲಿ ಪಕ್ಕದ ಮಂಚದವನು ಮೊಮ್ಮಕ್ಕಳ ಫೋಟೋ ತೋರ್ಸಿ ತೋರ್ಸಿ ಪ್ರಾಣ ತಿಂದ, ನಾನು ಹೇಳ್ದೆ, ನನ್ನ ಹತ್ರಾನೂ ಒಂದಿದೆ ಕಣಯ್ಯಾ, ಮೂರು ಕಿಲೋ ನಾನೂರು, ಒಂದ್ಸಲಾನೂ ಅತ್ತಿಲ್ಲ. ನಗುತ್ತಾನೆ, ನಾನೂ ನಗಬೇಕು, ಬಾಯಿ ನಗುತ್ತದೆ. ಚೆನ್ನಾಗಿ ನೋಡ್ಕೊಂಡಿದ್ದೀಯ, ಗಾಜು ಎಷ್ಟು ಸ್ವಚ್ಛ, ಅವನ ಕೈ ಮೇಲೇಳುತ್ತಿದೆ, ಕಿರುಬೆರಳು ಮುಂದೆ, ಬೇಡ, ಈಗ ಹೇಳಿಬಿಡು ದಿಂಕಾ, ಈಗಲೇ, ಈ ಉಂಗುರ ಗಾಜಿಗೆ ತಾಗುವ ಮೊದಲೇ, ಹೇಳಿದರೆ ಹೇಳಿದವಳಾಗುತ್ತೀಯ — ಟಿಣ್ ಟಿಣ್. ತುರಾಯಿ ಸರ್ರನೆ ಒಳಗೆ ಹೋಯಿತು. ಅವನು ಕಾಯುತ್ತಾನೆ, ಅದು ಹೊರಗೆ ಬರುವವರೆಗೂ ಉಸಿರು ಹಿಡಿದು ಕಾಯುತ್ತಾನೆ, ಬರುತ್ತದೆ, ಮತ್ತೆ ತಟ್ಟುತ್ತಾನೆ, ಇನ್ನೂ ಮೆತ್ತಗೆ, ಮತ್ತೆ ಸರ್ರನೆ ಒಳಗೆ. ಕೈ ಗಾಜಿನ ಮೇಲೇ ಉಳಿಯಿತು. ನನ್ನ ಕಡೆ ತಿರುಗದೆ ಕೇಳಿದ, ಇದು ಯಾರ ಮನೇದು.

ಬೈಯಲಿಲ್ಲ, ದನಿ ಏರಲಿಲ್ಲ, ನೆರೆಮನೆಯ ಮಗುವನ್ನು ತಪ್ಪಿ ತೊಡೆಯ ಮೇಲೆ ಕೂರಿಸಿದಾಗ ಕೇಳುವ ಹಾಗೆ, ಅಷ್ಟೇ ಮರ್ಯಾದೆಯಿಂದ. ಬೂರಾ ಇತ್ತು ಬಾರ್ಬಾ, ಎಂದೆ, ಎಲ್ಲರೂ ಹೊರಗೆ ಹಾಕುತ್ತಿದ್ದರು. ಅವನು ಕಣ್ಣು ಮುಚ್ಚಿದ, ಬೂರಾಕ್ಕಾ, ಎಂದ, ತೊಳೆದು ಹಾಕ್ದೆಯಾ, ಹೂಂ, ಎಲ್ಲಿದೆ, ನನ್ನ ಬಾಲ್ಕನಿಯಲ್ಲಿ, ಹೂಕುಂಡದ — ತಾ, ಎಂದ. ನನ್ನ ಮನೆಗೆ ಓಡಿ ಹೂಕುಂಡದ ಹಿಂದಿನಿಂದ ಎತ್ತಿ ತಂದು ಅವನ ಮಡಿಲಲ್ಲಿ ಇಟ್ಟೆ, ಎರಡು ಕೈಯಲ್ಲೂ ಹಿಡಿದ, ಮೇಲೆ ಕೆಳಗೆ ಆಡಿಸಿದ, ಹಡಗಿನವನ ಕೈ ಅದು, ತೂಕ ನೆನಪಿರುತ್ತದೆ, ಹೆಬ್ಬೆರಳು ಆ ಖಾಲಿ ಕೊಳವೆಯನ್ನು ತಡಕಿತು, ಒತ್ತಲಿಲ್ಲ, ಸುಮ್ಮನೆ ಪಕ್ಕದಲ್ಲಿ ನಿಂತಿತು. ನಿನ್ನ ತಕ್ಕಡಿ ತಾ ದಿಂಕಾ. ಬೇಡ ಬಾರ್ಬಾ. ತಾ ಮಗಳೇ, ನೀನೇ ಅಲ್ವಾ ಅವತ್ತೂ ತೂಗಿದ್ದು. ತಂದೆ, ಮೇಜಿನ ಮೇಲಿಟ್ಟೆ, ಸೊನ್ನೆ ಮಾಡಿದೆ, ಕಲ್ಲನ್ನು ಅವನೇ ಇಟ್ಟ, ಗಾಜಿನ ಹಿಂದೆ ಆ ಇನ್ನೊಂದು ತುರಾಯಿ ಮೆಲ್ಲಗೆ ಹೊರಬರುತ್ತಿದೆ, ಇಲ್ಲಿ ತಕ್ಕಡಿಯ ಮೇಲೆ ಕೊಳವೆ, ಬಿಳಿ, ಟೊಳ್ಳು, ಕಾಗದದಂಥದ್ದು, ಕನ್ನಡಕ ತಂದಿಲ್ಲ, ಎಷ್ಟಿದೆ ಓದು, ಎನ್ನುತ್ತಾನೆ, ಕೊಳವೆ, ಅದರ ಖಾಲಿ ಬಾಯಿ ನನ್ನ ಕಡೆಗೇ, ಓದು ಮಗಳೇ, ಓದುತ್ತೇನೆ, ಎರಡು ಕಿಲೋ ಏಳುನೂರ ಹತ್ತು ಗ್ರಾಂ.