ಆನೆಯ ಮನೆ

2025ರ ಜನವರಿ 5, ಭಾನುವಾರ, ಸಂಜೆ 4 ಗಂಟೆ 12 ನಿಮಿಷಕ್ಕೆ ಶೈಲಶ್ರೀಯ ಬಿಳಿ ಕಾಲಾಳು ಕೊನೆಯ ಸಾಲಿಗೆ ಒಂದೇ ಮನೆ ದೂರದಲ್ಲಿತ್ತು. ನಾರಾಯಣಗೂಡದ ಕಾಲೇಜೊಂದರ ಸಭಾಂಗಣದಲ್ಲಿ ಹನ್ನೊಂದು ವರ್ಷದೊಳಗಿನವರ ಚದುರಂಗದ ಕೊನೆಯ ಸುತ್ತು. ಗೆದ್ದರೆ ರಾಜ್ಯ ತಂಡ. ಡ್ರಾ ಆದರೆ ಬರಿಗೈಯಲ್ಲಿ ಕುಷಾಯಿಗೂಡದ ಬಸ್ಸು.

ಎದುರಿಗಿದ್ದ ತಾರ್ನಾಕದ ನಿಶಾಂತನಿಗೆ ಉಳಿದದ್ದು ರಾಜ ಮತ್ತು ಒಂದು ಕಾಲಾಳು. ಆದರೂ ಸೋಲುವವನ ಮುಖ ಅವನದಾಗಿರಲಿಲ್ಲ. ರಾಜನನ್ನು ಬೇಕೆಂದೇ ಮೂಲೆಯ ಪಕ್ಕಕ್ಕೆ ತಂದಿಟ್ಟು, ತಾನು ಹೊಡೆದಿದ್ದ ಅವಳ ಮಂತ್ರಿಯನ್ನು ತಾನೇ ಎತ್ತಿ ಚಾಚಿದ.

"ಕ್ವೀನ್ ಲೇಲೋ, ಅಕ್ಕಾ," ಎಂದ ಮೆಲ್ಲಗೆ. ಅವಳಿಗಿಂತ ಆರು ತಿಂಗಳು ದೊಡ್ಡವನು.

ಅಲ್ಲಿ ಮಂತ್ರಿ ಬಂದರೆ ಅವನ ರಾಜನಿಗೆ ಚೆಕ್ಕೂ ಇಲ್ಲ, ಹೋಗಲು ಜಾಗವೂ ಇಲ್ಲ. ಅಂಥ ಆಟ ಡ್ರಾ. ಶೈಲಶ್ರೀ ಅದನ್ನು ನೋಡಿರಲಿಲ್ಲ.

ಅವಳು ಕಾಲಾಳನ್ನು ಮುಂದೆ ದೂಡಿದಳು. ಕೈ ತಾನಾಗಿ ಮಂತ್ರಿಯನ್ನು ದಾಟಿ ಹೋಗಿ ಆನೆಯನ್ನು ಎತ್ತಿಟ್ಟಿತು. ಅಜ್ಜಿ ಗಂಗಾಬಾಯಿ ಮನೆಯಲ್ಲಿ ಕಲಿಸಿದ ಆಟದಲ್ಲಿ ಕಾಲಾಳು ಯಾರ ಮನೆ ಸೇರುತ್ತದೋ ಅವರೇ ಆಗುತ್ತದೆ. ಇದು ಎಡತುದಿ, ಆನೆಯ ಮನೆ. ಬೆರಳು ಬಿಟ್ಟ ಮೇಲೆ ನೆನಪಾಯಿತು, ಇದು ಅಜ್ಜಿಯ ಆಟವಲ್ಲ, ಇಲ್ಲಿ ಯಾವ ಮನೆ ಸೇರಿದರೂ ಮಂತ್ರಿಯನ್ನೇ ಇಡಬಹುದಿತ್ತು. ಇಟ್ಟ ಕಾಯಿಯನ್ನು ಬದಲಿಸುವಂತಿಲ್ಲ.

"ರೂಕ್?" ಮಂತ್ರಿ ನಿಶಾಂತನ ಕೈಯಲ್ಲೇ ಉಳಿಯಿತು.

ಅವನ ಮುಖ ನೋಡಲಾರದೆ ಅವಳು ಚದುರಂಗದ ಹಾಸನ್ನು ನೋಡಿದಳು. ಆನೆಗೆ ಮಂತ್ರಿಯಂತೆ ಓರೆಯ ದಾರಿ ಇಲ್ಲ. ಹಾಗಾಗಿ ಮೂಲೆಯ ಮನೆ ಅವನ ರಾಜನಿಗೆ ತೆರೆದೇ ಇತ್ತು. ಬೇರೆ ನಡೆಯಿಲ್ಲದೆ ಅವನ ರಾಜ ಅಲ್ಲಿಗೇ ಹೋದ. ಅವಳು ತನ್ನ ರಾಜನನ್ನು ಒಂದು ಹೆಜ್ಜೆ ಹತ್ತಿರ ತಂದಳು. ಮರುನಡೆಗೆ ಆನೆ ನೆಟ್ಟಗೆ ಕೆಳಗಿಳಿಯಿತು. ಚೆಕ್‌ಮೇಟ್.

"ಇತ್ನಾ ಡೀಪ್ ಸೋಚೀ ತೂ?" ಇಷ್ಟು ಆಳಕ್ಕೆ ಯೋಚಿಸಿದ್ದಳೇ ಎಂದು ಕೈ ಕುಲುಕುತ್ತ ನಿಶಾಂತ ಕೇಳಿದ.

"ಸೋಚೀ ನಹೀ ರೇ. ದಾದೀ ಕಾ ರೂಲ್ ಹೈ." ಯೋಚಿಸಿದ್ದಲ್ಲ, ಅಜ್ಜಿಯ ನಿಯಮ ಎಂದಳು ಶೈಲಶ್ರೀ.

ಅವನು ಆ ಅಜ್ಜಿಯನ್ನು ನೋಡಲೇಬೇಕೆಂದು ಹಿಂದೆಯೇ ಬಂದ. ಗಂಗಾಬಾಯಿ ವರಾಂಡದಲ್ಲಿ ಚಪ್ಪಲಿ ಬಿಟ್ಟು ಕಾಲು ಚಾಚಿ ಕೂತಿದ್ದಳು.

"ಆಯೀ, ಸ್ಟೇಟ್ ಟೀಮಿಗೆ ಬಂದೆ! ಮರತು ಆನಿ ಇಟ್ಟಬಿಟ್ಟಿದ್ದೆ!" ಶೈಲಶ್ರೀ ಅಜ್ಜಿಯ ಪಕ್ಕ ಕೂತಳು.

"ಆನೀ ಮನ್ಯಾಗ ಹೋಗಿ ಮತ್ತೇನ ಒಂಟಿ ಇಡಾಕಿದ್ದೇನು? ಈ ಹುಡುಗನ ಮಾರಿ ಯಾಕ ಹಂಗಾಗೈತಿ?"

"ಸೋತಾನ. ನಿನ್ನ ಆಟ ಕಲೀತಾನಂತ."

"ಭಾಳ ಶ್ಯಾಣ್ಯಾ ಅದಾನ. ಕುಂಡ್ರ ಅನ್ನು."

ನೆಲದ ಮೇಲೆ ಹಾಸು ಬಿಚ್ಚಿಕೊಂಡಿತು. ನಿಶಾಂತ ಕಾಲಾಳನ್ನು ಎರಡು ಮನೆ ದೂಡಿದ. ಗಂಗಾಬಾಯಿ ಅದನ್ನು ಒಂದು ಮನೆ ಹಿಂದಕ್ಕೆಳೆದಳು. "ಒಂದ ಹೆಜ್ಜಿ, ಬೇಟಾ. ಅರಾಮ್ ಸೇ."

ವರಾಂಡದೊಳಕ್ಕೆ ಪಡುವಣದ ಬಿಸಿಲು ಓರೆಯಾಗಿ ಬಂದಿತ್ತು. ಆ ಕಾಲಾಳಿನ ನೆರಳು ಮುಂದಿನ ಮೂರು ಮನೆಗಳ ಮೇಲೆ ಚಾಚಿತ್ತು. ಅದರ ಉದ್ದ ಹದಿನೇಳು ಸೆಂಟಿಮೀಟರು.