ಬಿದಿರು ಚೌಕಟ್ಟಿನ ಪರೀಕ್ಷೆ

೧೯೩೬ರಲ್ಲಿ ಸೇಲಂನ ದೊಡ್ಡ ಮನುಷ್ಯರಿಗೆಲ್ಲ ಒಟ್ಟಿಗೇ ಕುರುಡರ ಮೇಲೆ ಕರುಣೆ ಉಕ್ಕಿತು. ಸೀರೆ ವ್ಯಾಪಾರದ ಸಾಹುಕಾರ ದೊಡ್ಡಣ್ಣನವರ ಅಧ್ಯಕ್ಷತೆಯಲ್ಲಿ ಒಂದು ಸಂಘ ಹುಟ್ಟಿತು. ಕುರುಡರು ಕಾಗದದ ಮೇಲೆ ಚುಕ್ಕೆ ಚುಚ್ಚಿ ಬರೆಯುವ ಚೌಕಟ್ಟನ್ನು ಬಡವರ ಕೈಗೆಟುಕುವ ಬೆಲೆಗೆ ಒದಗಿಸುವುದು ಸಂಘದ ಗುರಿ. ಅದಕ್ಕಾಗಿ ಮೊದಲು ಇಂಗ್ಲೆಂಡಿನಿಂದ ಮೂವತ್ತು ರೂಪಾಯಿಯ ಹಿತ್ತಾಳೆ ಚೌಕಟ್ಟೊಂದನ್ನು ತರಿಸಿ, ಯಾರೂ ಮುಟ್ಟದಂತೆ ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆಮೇಲೆ ಹನ್ನೊಂದು ಸಲ ಸಭೆ ಸೇರಿ ಬೋಂಡಾ ತಿಂದರು.

ನೇಕಾರರ ಬೀದಿಯ ಅಂಕಮ್ಮ ಹುಟ್ಟುಕುರುಡಿ. ಮಿಷನ್ ಶಾಲೆಯಲ್ಲಿ ಚುಕ್ಕೆಯ ಅಕ್ಷರ ಕಲಿತು ಬಂದು, ತನ್ನ ಜಗಲಿಯಲ್ಲಿ ಆರು ಕುರುಡು ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಬರೆಸಲು ಚೌಕಟ್ಟಿರಲಿಲ್ಲ. ಅವಳ ಅಣ್ಣ ಮಾರಿಯಪ್ಪ ಮಗ್ಗದ ಫಣಿ ಕಟ್ಟುವವನು; ನೂಲಿನ ಎಳೆಗಳು ಹಾಯುವ ಬಿದಿರ ಕಡ್ಡಿಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಾಲಾಗಿ ಕೂರಿಸುವುದು ಅವನ ಕಸುಬು. ತಂಗಿ ಹೇಳಿದ ಅಳತೆಗೆ ನಾಲ್ಕು ದಿನ ಕೂತು ಬಿದಿರಿನದೇ ಒಂದು ಚೌಕಟ್ಟು ಮಾಡಿದ. ಕೂಲಿ ಲೆಕ್ಕ ಹಿಡಿದರೂ ಎರಡು ರೂಪಾಯಿ ದಾಟಲಿಲ್ಲ. ಆದರೆ ಇನ್ನೈದು ಮಾಡಲು ಇಪ್ಪತ್ತು ದಿನ ಬಿಟ್ಟಿ ಕೂತರೆ ಅವನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಸಂಘ ಒಪ್ಪಿ ಹಣ ಕೊಡಬೇಕಿತ್ತು.

ಹನ್ನೆರಡನೆಯ ಸಭೆಯಲ್ಲಿ, ಅಂಕಮ್ಮ ತಂದ ಬಿದಿರು ಚೌಕಟ್ಟಿನ ಪರೀಕ್ಷೆ ನಡೆಯಿತು. ದೊಡ್ಡಣ್ಣನವರು ಚುಕ್ಕೆ ಅಕ್ಷರದ ಪಟ ಮುಂದಿಟ್ಟುಕೊಂಡು ತಾವೇ ಎಡದಿಂದ ಬಲಕ್ಕೆ ಚುಚ್ಚಿದರು. ಕಾಗದ ಮಗುಚಿ ಉಬ್ಬಿದ ಚುಕ್ಕೆ ನೋಡಿದರೆ ಎಲ್ಲ ತಿರುಗುಮುರುಗು.

"ಅಕ್ಸರ ಎಲ್ಲಾ ಉಲ್ಟಾ ಬತ್ತೈತಲ್ಲಮ್ಮ. ಬಿದಿರಿಂದು ಇಷ್ಟೇ ನೋಡು," ಎಂದರು.

"ಬಲಗಡೆಯಿಂದ ಚುಚ್ಬೇಕು ಯಜಮಾನ್ರೇ. ಸರಿಗೆ ಸೀರೇನ ಮಕ ಕೆಳಕ್ಕೆ ಆಕ್ಕೊಂಡು ನೇಯಾಕಿಲ್ವಾ, ಅಂಗೇ. ಮಗುಚಿದ್ರೆ ಸರಿಯಾಗ್ತೈತೆ," ಎಂದಳು ಅಂಕಮ್ಮ.

ಮೂರು ತಲೆಮಾರಿನಿಂದ ಸೀರೆ ಮಾರಿದ ಮನೆತನ ದೊಡ್ಡಣ್ಣನವರದು. ಮಗ್ಗದ ಗುಂಡಿಗೆ ಒಬ್ಬರೂ ಕಾಲು ಇಳಿಬಿಟ್ಟವರಲ್ಲ. ಹೆಂಗಸೊಬ್ಬಳು, ಅದೂ ಕುರುಡಿ, ಅವರಿಗೆ ಪಾಠ ಹೇಳುವುದೆಂದರೇನು? ಬೀರು ತೆಗೆಸಿ ಇಂಗ್ಲೆಂಡಿನ ಚೌಕಟ್ಟಿನಲ್ಲೂ ಎಡದಿಂದಲೇ ಚುಚ್ಚಿದರು. ಅದೂ ಉಲ್ಟಾ ಬಂತು. ಕಾರ್ಯದರ್ಶಿ ನಾಗರಾಜನ್ ಕೆಮ್ಮಿದ. ದೊಡ್ಡಣ್ಣನವರು ಸೋಲುವ ಪೈಕಿಯವರಲ್ಲ. ಅದೂ ಕೆಟ್ಟ ಮಾಲೆಂದು ತೀರ್ಮಾನಿಸಿ, ಅರವತ್ತು ರೂಪಾಯಿಯ ಇನ್ನೊಂದನ್ನು ತರಿಸಲು ಠರಾವು ಮಾಡಿದರು. ಸಂಘದಲ್ಲಿದ್ದ ಹಣವೆಲ್ಲ ಅದಕ್ಕೇ ಸರಿಹೋಯಿತು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಂಕಮ್ಮ ಎದ್ದು ನಿಂತಳು.

"ಇನ್ನು ಆರು ಮಕ್ಳು ಈ ಒಂದೇ ಬಿದಿರು ಚೌಕಟ್ನಾಗೆ ಬರೀಬೇಕು ಯಜಮಾನ್ರೇ. ನಿಮ್ ಕಣ್ಣು ನೆಟ್ಟಗೈತೆ, ಅದ್ಕೇ ನಮ್ ಮಕ್ಳಿಗೆ ಬರೆಯೋ ಬಾಗ್ಯ ಇಲ್ಲ."

ನಾಗರಾಜನ್ ನಡಾವಳಿ ಪುಸ್ತಕದಲ್ಲಿ ಶಾಯಿಯಿಂದ ಅಂದವಾಗಿ ಬರೆದ: ಅಂಕಮ್ಮನವರು ಸಂಘಕ್ಕೆ ಕೃತಜ್ಞತೆ ಸಲ್ಲಿಸಿದರು. ಸಭೆಗೆ ಬಂದಿದ್ದಕ್ಕೆ ಗುರುತು ಎಂದು ಹೇಳಿ, ಅದರ ಕೆಳಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ.